ದುಃಖ ಹೇಳಿಕೊಳ್ಳಲು ನಮ್ಮ ಭಾಷೆಯವರು
(ಮಹಿಳಾ ವಿಭಾಗದ ಸಭೆಯಲ್ಲಿ ಆಡಿದ ಮಾತುಗಳು)



ಮನೆಯಲ್ಲಿ ಸಾವಾದರೆ ನಮ್ಮವರು ಕೈಬಿಡುವುದಿಲ್ಲ. ಊಟ ತಂದುಕೊಡುತ್ತಾರೆ, ಉತ್ತರಕ್ರಿಯೆ ಮುಗಿಯುವವರೆಗೆ ಜೊತೆಗಿರುತ್ತಾರೆ. ಮರುದಿನ ಎಲ್ಲರೂ ಬೆಳಗಿನ ಲೋಕಲ್ ಹಿಡಿಯಬೇಕು, ಅದನ್ನು ತಪ್ಪೆನ್ನುವಂತಿಲ್ಲ. ನಾನು ಹೇಳಬೇಕೆಂದಿರುವುದು ಅದರ ನಂತರದ ದಿನಗಳ ವಿಚಾರ.

ಮಾವ ತೀರಿಕೊಂಡ ಮೇಲೆ ಅತ್ತೆಯವರನ್ನು ಕುಂದಾಪುರದಿಂದ ಡೊಂಬಿವಲಿಗೆ ಕರೆತಂದೆವು. ಗಂಡನ ಜೊತೆ ಅವರ ಅಂಗಳವೂ ಹೋಯಿತು, ಮಾತಾಡುವವರೂ ಹೋದರು. ಮರಾಠಿ ಬಾರದು, ಹಿಂದಿ ತರಕಾರಿ ಕೊಳ್ಳುವಷ್ಟು. ತಿಂಗಳು ತಿಂಗಳು ಮಾವನ ಮೊಬೈಲಿಗೆ ರೀಚಾರ್ಜ್ ಮಾಡಿಸುತ್ತಿದ್ದರು. ಅದು ನನಗೆ ಕಾಯಿಲೆ ಎನಿಸಲಿಲ್ಲ. ನಿದ್ದೆ ಹೋಗಿ, ಊಟ ಎರಡು ತುತ್ತಿಗೆ ಇಳಿದು, ಎಂಟು ತಿಂಗಳಾದರೂ ಹಾಗೆಯೇ ಇದ್ದಾಗ ಚಿಂತೆಯಾಯಿತು.

ಹತ್ತಿರದ ಕೌನ್ಸೆಲರ್ ಒಬ್ಬರ ಬಳಿ ಹೋದೆವು. ಅವರದು ಹಿಂದಿ, ಅತ್ತೆಯವರದು ಕುಂದಾಪ್ರ ಕನ್ನಡ, ನಡುವೆ ದುಭಾಷಿಯಾಗಿ ನಾನು. ಸೊಸೆಯ ಎದುರು ಅತ್ತೆ ಏನು ಹೇಳಿಯಾರು? "ಎಲ್ಲ ಚೆನ್ನಾಗಿ ನೋಡಿಕೊಳ್ಳುತ್ತಾರೆ" ಎಂದರು, ನಾನು ಅದನ್ನೇ ಹಿಂದಿಯಲ್ಲಿ ಹೇಳಿದೆ! ಆ ಕೌನ್ಸೆಲರ್ ಜಾಣೆ. ಇವರಿಗೆ ಇವರ ಭಾಷೆಯವರೇ ಬೇಕು ಎಂದು ತಾವಾಗಿಯೇ ಹೇಳಿದರು. ಪರಿಚಯದವರ ಮೂಲಕ ಬೆಂಗಳೂರಿನಲ್ಲಿರುವ, ಉಡುಪಿ ಕಡೆಯ ಮನಶ್ಶಾಸ್ತ್ರಜ್ಞೆಯೊಬ್ಬರು ಸಿಕ್ಕಿದರು. ವಾರಕ್ಕೊಮ್ಮೆ ವಿಡಿಯೋ ಕರೆ, ಕೋಣೆಯ ಬಾಗಿಲು ಹಾಕಿ. ಮೊದಲ ದಿನ ಹೊರಬಂದವರು, "ಅವ್ರಿಗೆ ನಮ್ ಭಾಷಿ ಬತ್ತ್ ಕಾಣ್" ಎಂದರು. ಒಳಗೆ ಏನು ಮಾತಾಯಿತೋ ನನಗೆ ಇಂದಿಗೂ ತಿಳಿಯದು. ಈಗ ರಾತ್ರಿ ನಿದ್ದೆ ಮಾಡುತ್ತಾರೆ, ಸಾರಿಗೆ ಉಪ್ಪು ಹೆಚ್ಚಾಯಿತೆಂದು ನನಗೆ ಹೇಳುತ್ತಾರೆ.

ಹುಡುಕುವವರಿಗೆ ಕೆಲವು ಮಾತು. ಮನೋವೈದ್ಯರು ಔಷಧಿ ಬರೆಯಬಲ್ಲ ಡಾಕ್ಟರು. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದರೆ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದರೆ ಆರ್‌ಸಿಐನಲ್ಲಿ, ನೋಂದಣಿ ಇರಬೇಕು. ಆ ಸಂಖ್ಯೆ ಕೇಳಲು ಸಂಕೋಚ ಬೇಡ. ಕೌನ್ಸೆಲರ್ ಎಂಬ ಬೋರ್ಡು ಯಾರು ಬೇಕಾದರೂ ಹಾಕಿಕೊಳ್ಳುತ್ತಾರೆ, ಆದ್ದರಿಂದ ಓದು, ತರಬೇತಿ ವಿಚಾರಿಸಿ. ಸಾವಿನ ದುಃಖದಲ್ಲಿರುವವರ ಜೊತೆ ಕೆಲಸ ಮಾಡಿದ್ದಾರೆಯೇ, ಫೀಸೆಷ್ಟು, ಹೇಳಿದ್ದನ್ನು ಮನೆಯವರಿಗೆ ತಿಳಿಸುತ್ತಾರೆಯೇ ಎಂದೂ ಕೇಳಿ. ಜೀವಕ್ಕೆ ಅಪಾಯವಿದ್ದಾಗ ಬಿಟ್ಟರೆ ತಿಳಿಸುವುದಿಲ್ಲ ಎಂಬುದೇ ಸರಿಯಾದ ಉತ್ತರ.

ಮರಾಠಿ ಬಲ್ಲವರಿಗೆ ಥಾಣೆಯಲ್ಲಿ ಡಾ. ಆನಂದ ನಾಡಕರ್ಣಿಯವರು 1990ರಲ್ಲಿ ಆರಂಭಿಸಿದ ಇನ್‌ಸ್ಟಿಟ್ಯೂಟ್ ಫಾರ್ ಸೈಕಲಾಜಿಕಲ್ ಹೆಲ್ತ್ ಇದೆ. 1901ರಿಂದ ಇರುವ ಸರ್ಕಾರಿ ಮಾನಸಿಕ ಆಸ್ಪತ್ರೆಯೂ ಅಲ್ಲೇ. "ಥಾಣೆಗೆ ಕಳಿಸಬೇಕು" ಎಂದು ನಾವು ತಮಾಷೆ ಮಾಡುತ್ತೇವಲ್ಲ, ಆ ತಮಾಷೆಯಿಂದಲೇ ಎಷ್ಟೋ ಜನ ಆ ಮೆಟ್ಟಿಲು ಹತ್ತುವುದಿಲ್ಲ.

ದುಃಖಕ್ಕೆ ಗಡುವಿಲ್ಲ. ಆದರೆ ಆರು ತಿಂಗಳು ದಾಟಿಯೂ ದಿನನಿತ್ಯದ ಬದುಕು ನಿಂತೇ ಹೋಗಿದ್ದರೆ ಅದಕ್ಕೆ ಸಹಾಯ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯೂ ಈಗ ಗುರುತಿಸಿದೆ. "ನಾನ್ಯಾಕೆ ಇನ್ನೂ ಇರಬೇಕು" ಎಂಬ ಮಾತು ಬಂದರೆ ಆರು ದಿನವೂ ಕಾಯಬೇಡಿ. 14416 ಒತ್ತಿ. ಇದು 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ-ಮಾನಸ್, ಹಗಲೂ ರಾತ್ರಿಯೂ ಉಚಿತ. ಅದರ ಭಾಷೆಗಳಲ್ಲಿ ಕನ್ನಡವೂ ಇದೆ, ಕನ್ನಡವೇ ಬೇಕೆಂದು ಕೇಳಿ.

ಚಹಾ ಆಗುವವರೆಗೆ ನಾನು ಹಿಂದಿನ ಸಾಲಿನಲ್ಲಿ ಕುಳಿತಿರುತ್ತೇನೆ. ಏನಾದರೂ ವಿಚಾರಿಸಬೇಕಿದ್ದ ಹಿರಿಯರು ಸೊಸೆಯನ್ನು ಅಲ್ಲೇ ಬಿಟ್ಟು ಒಬ್ಬರೇ ಬನ್ನಿ.