ಪ್ರವೇಶಪರೀಕ್ಷೆಯ ಗಣಿತ
(ಶಾಲೆಯ ವಾರ್ಷಿಕೋತ್ಸವದಂದು ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಕಳೆದ ಬೇಸಿಗೆಯ ರಜೆಯಲ್ಲಿ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ತನ್ನ ತಂದೆಯವರೊಡನೆ ನಮ್ಮ ಮನೆಗೆ ಬಂದಿದ್ದನು. ಹತ್ತನೆಯ ತರಗತಿಯವರೆಗೆ ಕಾಸರಗೋಡಿನ ಈ ಸೀಮೆಯಲ್ಲಿ ಕನ್ನಡ ಮಾಧ್ಯಮದಲ್ಲಿಯೇ ಓದಿ, ಅನಂತರ ಮಂಗಳೂರಿನಲ್ಲಿ ಇಂಜಿನಿಯರಿಂಗ್ ಪದವಿಯನ್ನು ಪಡೆದವನು. ಅಮೆರಿಕದಲ್ಲಿ ಸ್ನಾತಕೋತ್ತರ ವ್ಯಾಸಂಗ ಮಾಡಬೇಕೆಂಬ ಅಪೇಕ್ಷೆಯಿಂದ ಜಿ.ಆರ್.ಇ. ಎಂಬ ಪ್ರವೇಶಪರೀಕ್ಷೆಗೆ ಸಿದ್ಧನಾಗುತ್ತಿದ್ದನು. ಲೆಕ್ಕಗಳನ್ನು ಮಾಡಿ ಮಾಡಿ ನಾಲ್ಕು ನೋಟುಪುಸ್ತಕಗಳನ್ನು ತುಂಬಿಸಿದ್ದನು. ಅಂಕಗಳು ಮಾತ್ರ ಇದ್ದಲ್ಲಿಯೇ ನಿಂತಿದ್ದುವು. ಹುಡುಗನು ತಲೆ ತಗ್ಗಿಸಿ ಕುಳಿತಿದ್ದಾಗ ತಂದೆಯವರು ಮೆಲ್ಲನೆ ಕೇಳಿದರು: "ಕನ್ನಡ ಶಾಲೆಗೆ ಹಾಕಿದ್ದು ತಪ್ಪಾಯಿತೋ ಏನೋ, ಮಾಷ್ಟ್ರೇ?"

ಈ ಸಭೆಯಲ್ಲಿ ಕುಳಿತಿರುವ ಅನೇಕರ ಮನಸ್ಸಿನಲ್ಲಿಯೂ ಇದೇ ಪ್ರಶ್ನೆ ಇರುವುದನ್ನು ನಾವು ಬಲ್ಲೆವು. ಆದುದರಿಂದ ಇಂದು ಬೇರೆ ಉಪದೇಶವನ್ನು ಬಿಟ್ಟು, ಆ ನಾಲ್ಕು ನೋಟುಪುಸ್ತಕಗಳ ವಿಷಯವನ್ನೇ ಹೇಳಬಯಸುತ್ತೇವೆ.

ಮೊದಲು ಆ ಪರೀಕ್ಷೆ ಎಂತಹದೆಂಬುದನ್ನು ತಿಳಿಯೋಣ. ಅದನ್ನು ನಡೆಸುವುದು 1947ರಲ್ಲಿ ಸ್ಥಾಪಿತವಾದ ಇ.ಟಿ.ಎಸ್. ಎಂಬ ಅಮೆರಿಕದ ಸಂಸ್ಥೆ. 2023ರ ಸೆಪ್ಟೆಂಬರಿನಿಂದ ಪರೀಕ್ಷೆಯನ್ನು ಸಂಕ್ಷೇಪಗೊಳಿಸಿರುವುದರಿಂದ, ಈಗ ಗಣಿತದಲ್ಲಿ ಒಟ್ಟು 27 ಪ್ರಶ್ನೆಗಳು. ಮೊದಲ ಭಾಗದಲ್ಲಿ 12ಕ್ಕೆ 21 ನಿಮಿಷ, ಎರಡನೆಯ ಭಾಗದಲ್ಲಿ 15ಕ್ಕೆ 26 ನಿಮಿಷ. ಅಂಕಗಳು 130ರಿಂದ 170ರವರೆಗೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಕೂಡಿ ಕಳೆಯುವುದಕ್ಕೆ ಪರದೆಯ ಮೇಲೆಯೇ ಕ್ಯಾಲ್ಕುಲೇಟರ್ ಇರುತ್ತದೆ. ಕೇಳುವ ವಿಷಯಗಳಾದರೋ ಅಂಕಗಣಿತ, ಬೀಜಗಣಿತ, ರೇಖಾಗಣಿತ, ಸರಾಸರಿ ಸಂಭವನೀಯತೆಗಳಂತಹ ದತ್ತಾಂಶದ ಗಣಿತ, ಇಷ್ಟೇ. ತ್ರಿಕೋನಮಿತಿಯಿಲ್ಲ, ಕಲನಶಾಸ್ತ್ರವಿಲ್ಲ. ಪದವೀಧರರ ಪರೀಕ್ಷೆಯಾದರೂ ಇದರ ಗಣಿತ ಬಹುಮಟ್ಟಿಗೆ ಪ್ರೌಢಶಾಲೆಯದೇ ಎಂದು ತಿಳಿದಾಗ ಆ ತಂದೆಯವರಿಗೆ ಆಶ್ಚರ್ಯವಾಯಿತು. ಹಾಗಾದರೆ ಇಂಜಿನಿಯರಿಂಗ್ ಮುಗಿಸಿದ ಹುಡುಗನು ಎಡವುವುದೇಕೆ?

ನೋಟುಪುಸ್ತಕವನ್ನು ತೆರೆದೆವು. ಆ ಪರೀಕ್ಷೆಯಲ್ಲಿ ಒಂದು ಬಗೆಯ ಪ್ರಶ್ನೆಯುಂಟು. ಎರಡು ಪರಿಮಾಣಗಳನ್ನು ಕೊಟ್ಟು, ಮೊದಲನೆಯದು ದೊಡ್ಡದೋ, ಎರಡನೆಯದು ದೊಡ್ಡದೋ, ಎರಡೂ ಸಮವೋ, ಅಥವಾ ಕೊಟ್ಟ ವಿವರಗಳಿಂದ ನಿರ್ಧರಿಸಲಾಗದೋ ಎಂದು ಕೇಳುತ್ತಾರೆ. ಒಂದು ಕಡೆ ಒಂದು ಸಂಖ್ಯೆ, ಇನ್ನೊಂದು ಕಡೆ ಅದರ ವರ್ಗ. ಸಂಖ್ಯೆ ಯಾವುದೆಂದು ಹೇಳಿಲ್ಲ. ಹುಡುಗನು ವರ್ಗವೇ ದೊಡ್ಡದೆಂದು ಬರೆದಿದ್ದನು. ಎರಡರ ವರ್ಗ ನಾಲ್ಕು, ಮೂರರ ವರ್ಗ ಒಂಬತ್ತು, ಸರಿಯಾಗಿಯೇ ತೋರುತ್ತದೆ. ಆದರೆ ಒಂದರ ವರ್ಗ ಒಂದೇ. ಸೊನ್ನೆಯ ವರ್ಗ ಸೊನ್ನೆಯೇ. ಅರ್ಧದ ವರ್ಗವೋ ಕಾಲು, ಅರ್ಧಕ್ಕಿಂತ ಚಿಕ್ಕದು! ಆದುದರಿಂದ ನಿರ್ಧರಿಸಲಾಗದೆಂಬುದೇ ಉತ್ತರ.

"ವರ್ಗ ಮಾಡಿದರೆ ದೊಡ್ಡದಾಗುತ್ತದೆಂದು ನಿನಗೆ ಯಾರು ಹೇಳಿದರು?" ಎಂದು ಕೇಳಿದೆವು. ಅವನು ಸಂಕೋಚಪಟ್ಟು, "ತಾವೇ ಸರ್, ಎಂಟನೆಯ ತರಗತಿಯಲ್ಲಿ" ಎಂದನು. ಹೇಳಿರಲೂಬಹುದು. ಕರಿಹಲಗೆಯ ಮೇಲೆ ಎರಡು, ಮೂರು, ಐದು ಎಂಬ ಸೌಮ್ಯವಾದ ಸಂಖ್ಯೆಗಳನ್ನೇ ಬರೆದು ಗಂಟೆ ಹೊಡೆಯುವುದರೊಳಗೆ ಪಾಠ ಮುಗಿಸುವ ಅಧ್ಯಾಪಕರಲ್ಲಿ ನಾವೂ ಒಬ್ಬರು. ಸೊನ್ನೆ, ಭಿನ್ನರಾಶಿ, ಋಣಸಂಖ್ಯೆ, ಇವುಗಳನ್ನು ಪ್ರತಿಯೊಂದು ಲೆಕ್ಕದಲ್ಲಿಯೂ ಒಮ್ಮೆ ಹಾಕಿ ನೋಡುವ ಅಭ್ಯಾಸವನ್ನು ಮಾಡಿಸಿದ್ದರೆ, ಆ ಹುಡುಗನು ಹದಿನಾಲ್ಕನೆಯ ವಯಸ್ಸಿನಲ್ಲಿಯೇ ಆ ಪ್ರಶ್ನೆಗೆ ಉತ್ತರ ಹೇಳುತ್ತಿದ್ದನು.

ಭಾಷೆಯ ತೊಡಕು ಇಲ್ಲವೇ ಇಲ್ಲವೆಂದು ನಾವು ಹೇಳುವುದಿಲ್ಲ. 'ಅಟ್ ಮೋಸ್ಟ್ ಫೈವ್' ಎಂಬುದನ್ನು ಅವಸರದಲ್ಲಿ 'ಐದಕ್ಕಿಂತ ಹೆಚ್ಚು' ಎಂದು ಓದಿ ಒಂದು ಲೆಕ್ಕವನ್ನು ಕೆಡಿಸಿದ್ದನು. ಅದು 'ಹೆಚ್ಚೆಂದರೆ ಐದು'. 'ನಂಬರ್' ಎಂದಿದ್ದಲ್ಲಿ 'ಇಂಟೀಜರ್' ಎಂದೇ ಭಾವಿಸಿ ಭಿನ್ನರಾಶಿಗಳನ್ನು ಮರೆತಿದ್ದನು. ಕನ್ನಡದಲ್ಲಿ 'ಸಂಖ್ಯೆ' ಬೇರೆ, 'ಪೂರ್ಣಾಂಕ' ಬೇರೆ, ಹೆಸರಿನಲ್ಲಿಯೇ ಅರ್ಥವಿದೆ. ಆ ಭೇದ ಅವನಿಗೆ ಚೆನ್ನಾಗಿ ಗೊತ್ತಿತ್ತು. ಇಂಗ್ಲಿಷಿನ ಯಾವ ಶಬ್ದ ಯಾವುದಕ್ಕೆಂಬುದು ಮಾತ್ರ ರೂಢಿಯಾಗಿರಲಿಲ್ಲ. ಹನ್ನೆರಡನೆಯ ಶತಮಾನದಲ್ಲಿಯೇ ರಾಜಾದಿತ್ಯನು 'ವ್ಯವಹಾರಗಣಿತ'ವನ್ನು ಕನ್ನಡದಲ್ಲಿ ರಚಿಸಿದನು. ಗಣಿತ ನಮ್ಮ ಭಾಷೆಗೆ ಹೊಸದೇನೂ ಅಲ್ಲ. ಇಂತಹ ನೂರು ಇಂಗ್ಲಿಷ್ ಶಬ್ದಗಳನ್ನು ಕನ್ನಡದ ಜೊತೆಯಲ್ಲಿ ಬರೆದಿಟ್ಟು ಕಲಿಯುವುದು ಒಂದು ತಿಂಗಳ ಕೆಲಸ. ಗಣಿತವನ್ನು ತಿಳಿಯುವುದು ಹತ್ತು ವರ್ಷಗಳ ಕೆಲಸ. ಆ ಹತ್ತು ವರ್ಷಗಳ ಕೆಲಸವನ್ನು ಮನೆಮಾತಿನಲ್ಲಿ ಮಾಡಿದ್ದು ತಪ್ಪಲ್ಲವೆಂದು ಆ ತಂದೆಯವರಿಗೆ ಹೇಳಿದೆವು. ಶಬ್ದಗಳನ್ನು ಜೊತೆಯಲ್ಲಿ ಕಲಿಸದೆ ಇದ್ದುದು ನಮ್ಮ ಲೋಪವೆಂದೂ ಒಪ್ಪಿಕೊಂಡೆವು.

ಇನ್ನು ಅಭ್ಯಾಸದ ಕ್ರಮ. ಅವನ ನೋಟುಪುಸ್ತಕದಲ್ಲಿ ತಪ್ಪಾದ ಲೆಕ್ಕಗಳ ಮೇಲೆಲ್ಲ ಅಡ್ಡಗೆರೆ ಎಳೆದು, ಪಕ್ಕದಲ್ಲಿ ಪುಸ್ತಕದ ಸರಿಯುತ್ತರವನ್ನು ನಕಲು ಮಾಡಿ, ಮುಂದಿನ ಲೆಕ್ಕಕ್ಕೆ ಹೋಗಿದ್ದನು. ರೋಗವನ್ನು ಮುಚ್ಚಿಟ್ಟು ಔಷಧದ ಬಾಟಲಿಯನ್ನು ಎಣಿಸಿದಂತೆ! ಹೊಸ ಲೆಕ್ಕಗಳನ್ನು ಹದಿನೈದು ದಿನ ನಿಲ್ಲಿಸಲು ಹೇಳಿದೆವು. ತಪ್ಪಿದವುಗಳನ್ನೇ ಬೇರೊಂದು ಪುಸ್ತಕಕ್ಕೆ ಇಳಿಸಿ, ಉತ್ತರ ನೋಡದೆ ಪುನಃ ಮಾಡಿ, ಎಲ್ಲಿ ಜಾರಿದೆನೆಂಬುದನ್ನು ಒಂದು ವಾಕ್ಯದಲ್ಲಿ ಕನ್ನಡದಲ್ಲಿಯೇ ಬರೆಯಬೇಕು. ಒಂದು ವಾರ ಕಳೆದು ಮತ್ತೊಮ್ಮೆ ಮಾಡಬೇಕು. ಮೊದಲು ಸಮಯದ ಗೊಡವೆ ಬೇಡ, ಗಡಿಯಾರ ಆಮೇಲೆ. ಇ.ಟಿ.ಎಸ್. ಸಂಸ್ಥೆಯೇ ಎರಡು ಪೂರ್ಣ ಮಾದರಿ ಪರೀಕ್ಷೆಗಳನ್ನು ಉಚಿತವಾಗಿ ಕೊಡುತ್ತದೆ. ಅವುಗಳನ್ನು ಮೊದಲ ವಾರದಲ್ಲಿಯೇ ಮುಗಿಸಿಬಿಡದೆ ಕೊನೆಗೆ ಒಂದನ್ನಾದರೂ ಉಳಿಸಿಕೊಳ್ಳಬೇಕು. ಸಾಲ ಮಾಡಿ ತರಬೇತಿಗೆ ಹಣ ಕಟ್ಟುವ ಮೊದಲು ರಕ್ಷಕರು ಇದನ್ನು ತಿಳಿದಿರುವುದು ಒಳಿತು. ಎಲ್ಲ ವಿಶ್ವವಿದ್ಯಾನಿಲಯಗಳೂ ಈ ಪರೀಕ್ಷೆಯನ್ನು ಕೇಳುವುದಿಲ್ಲವೆಂಬುದನ್ನೂ ಮೊದಲೇ ವಿಚಾರಿಸತಕ್ಕದ್ದು.

ಹದಿನೈದು ದಿನಗಳ ಅನಂತರ ಹುಡುಗನು ಆ ಹೊಸ ಪುಸ್ತಕವನ್ನು ತಂದು ತೋರಿಸಿದನು. 'ಸೊನ್ನೆಯನ್ನು ಮರೆತೆ' ಎಂಬ ವಾಕ್ಯವೇ ಪುಟಪುಟದಲ್ಲಿಯೂ ಇತ್ತು. ತನ್ನ ತಪ್ಪುಗಳು ನೂರಾರಲ್ಲ, ನಾಲ್ಕೈದೇ ಮತ್ತೆ ಮತ್ತೆ ಬರುತ್ತಿವೆಯೆಂದು ಕಂಡು ಅವನೇ ನಕ್ಕನು. ಪರೀಕ್ಷೆ ಇನ್ನೂ ಮುಂದಿದೆ.

ಬರುವ ಜೂನಿನಿಂದ ಎಂಟನೆಯ ತರಗತಿಯಿಂದ ಮೇಲಿನ ಪ್ರತಿಯೊಬ್ಬರೂ ಇಂತಹ ಒಂದು ತಪ್ಪಿನ ಪುಸ್ತಕವನ್ನು ಇಡಬೇಕೆಂದು ನಿಶ್ಚಯಿಸಿದ್ದೇವೆ. ನಾವೂ ಒಂದನ್ನು ಇಡುತ್ತೇವೆ. ಅದರ ಮೊದಲ ಪುಟಕ್ಕಾಗಿ ಒಂದು ಲೆಕ್ಕ. ಅಡಿಕೆಯ ಧಾರಣೆ ಕಿಲೋಗೆ 400 ರೂಪಾಯಿ ಎಂದಿಟ್ಟುಕೊಳ್ಳಿರಿ. ಒಬ್ಬರು ಮಾರುವ ಹೊತ್ತಿಗೆ ಅದು ಮೊದಲು ಶೇಕಡಾ 20 ಏರಿ, ಆ ಏರಿದ ಬೆಲೆಯ ಮೇಲೆ ಶೇಕಡಾ 20 ಇಳಿಯಿತು. ಇನ್ನೊಬ್ಬರ ಪಾಲಿಗೆ ಮೊದಲು ಶೇಕಡಾ 20 ಇಳಿದು, ಆ ಇಳಿದ ಬೆಲೆಯ ಮೇಲೆ ಶೇಕಡಾ 20 ಏರಿತು. ಯಾರಿಗೆ ಹೆಚ್ಚು ದೊರೆಯಿತು? ಸಮಯ ಒಂದೂಮುಕ್ಕಾಲು ನಿಮಿಷ. ರಕ್ಷಕರೂ ಮಾಡಬಹುದು, ಉತ್ತರವನ್ನು ಸೋಮವಾರ ನೋಡೋಣ.