ಓಡದ ಕಾರಿಗೆ ಓಡುವ ಬೆಲೆ

(ಉಪನ್ಯಾಸವೊಂದರ ಬರಹರೂಪ)



ಕಾರು ಕೊಂಡವರಿಗೆಲ್ಲ ಗೊತ್ತಿರುವ ಒಂದು ಲೆಕ್ಕವಿದೆ. ಷೋರೂಮಿನ ಬಾಗಿಲು ದಾಟಿದ ಗಳಿಗೆಯಿಂದಲೇ ಹೊಸ ಕಾರಿನ ಬೆಲೆ ಇಳಿಯತೊಡಗುತ್ತದೆ. ಹತ್ತು ವರ್ಷ ಕಳೆದ ಮೇಲೆ ಕೊಟ್ಟ ಹಣದ ಒಂದು ಪಾಲು ವಾಪಸು ಬಂದರೆ ಅದೇ ಪುಣ್ಯ. ಈ ಲೆಕ್ಕವನ್ನು ತಲೆಕೆಳಗು ಮಾಡಿದ ಕಾರುಗಳೂ ಕೆಲವಿವೆ. ಜರ್ಮನಿಯ ಪೋರ್ಷೆ ಕಂಪನಿ 1998ರವರೆಗೆ ತಯಾರಿಸಿದ, ಗಾಳಿಯಿಂದ ಎಂಜಿನ್ ತಂಪಾಗುವ, ಮೇಲ್ಛಾವಣಿ ಮಡಚಬಹುದಾದ ಸ್ಪೋರ್ಟ್ಸ್ ಕಾರುಗಳು ಅವುಗಳಲ್ಲಿ ಮುಖ್ಯವಾದವು.

1989ರಲ್ಲಿ ಅಮೆರಿಕದಲ್ಲಿ ಸುಮಾರು 65 ಸಾವಿರ ಡಾಲರಿಗೆ ಮಾರಾಟವಾದ ‘911 ಸ್ಪೀಡ್‌ಸ್ಟರ್’, ಕಡಿಮೆ ಓಡಿದ್ದಾದರೆ, ಇತ್ತೀಚಿನ ವರ್ಷಗಳ ಹರಾಜುಗಳಲ್ಲಿ 2 ಲಕ್ಷ ಡಾಲರ್ ದಾಟಿದ್ದುಂಟು. ಹಣದುಬ್ಬರವನ್ನು ಕಳೆದು ನೋಡಿದರೂ ಇದು ಏರಿಕೆಯೇ. ಇಲ್ಲಿ ಗಮನಿಸಬೇಕಾದ ಮಾತು ‘ಕಡಿಮೆ ಓಡಿದ್ದಾದರೆ’ ಎಂಬುದು. ಓಡಲೆಂದೇ ಹುಟ್ಟಿದ ವಸ್ತು ಓಡದೆ ಉಳಿದಷ್ಟೂ ದುಬಾರಿಯಾಗುವುದೇಕೆ?

ಗಾಳಿಯ ಎಂಜಿನ್

ಎಂಜಿನ್ನಿನೊಳಗೆ ಪೆಟ್ರೋಲ್ ಉರಿದಾಗ ಹುಟ್ಟುವ ಶಾಖವನ್ನು ಹೊರಹಾಕಲೇಬೇಕು. ಹೆಚ್ಚಿನ ಕಾರುಗಳಲ್ಲಿ ನೀರು ಈ ಕೆಲಸ ಮಾಡುತ್ತದೆ. ಬಿಸಿಯಾದ ನೀರು ರೇಡಿಯೇಟರಿಗೆ ಬಂದು ತಣಿಯುತ್ತದೆ. ಇನ್ನೊಂದು ಉಪಾಯ ಕನ್ನಡಿಗರಿಗೆ ಅಪರಿಚಿತವೇನಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಜಾವಾ, ಯೆಜ್ಡಿ ಬೈಕುಗಳನ್ನು ಕಂಡವರಿಗೆ ಎಂಜಿನ್ನಿನ ಮೈಮೇಲೆ ಸಾಲಾಗಿ ನಿಂತ ತೆಳು ಲೋಹದ ರೆಕ್ಕೆಗಳು ನೆನಪಿರಬಹುದು. ಗಾಳಿ ಅವುಗಳ ನಡುವೆ ಹಾದು ಶಾಖವನ್ನು ಒಯ್ಯುತ್ತದೆ.

ಹಳೆಯ ಪೋರ್ಷೆಯದೂ ಇದೇ ತತ್ವ. ಎಂಜಿನ್ ಕಾರಿನ ಹಿಂಭಾಗದಲ್ಲಿರುವುದರಿಂದ ದೊಡ್ಡ ಫ್ಯಾನೊಂದು ಗಾಳಿಯನ್ನು ತಳ್ಳುತ್ತದೆ. ಶಾಖದ ಇನ್ನೊಂದು ಪಾಲನ್ನು ಎಂಜಿನ್ ಆಯಿಲ್ ಹೊರುತ್ತದೆ. ಸುತ್ತ ನೀರಿನ ಪದರ ಇಲ್ಲದ್ದರಿಂದ ಸದ್ದು ಅಡಗುವುದಿಲ್ಲ. ಆ ಒರಟು ಸದ್ದೇ ಅಭಿಮಾನಿಗಳ ಪಾಲಿಗೆ ಸಂಗೀತ. ಆದರೆ ಹೊಗೆ ಮತ್ತು ಶಬ್ದದ ನಿಯಮಗಳು ಬಿಗಿಯಾದಂತೆ ಗಾಳಿಯೊಂದನ್ನೇ ನಂಬಿ ಮುಂದುವರಿಯುವುದು ಕಷ್ಟವಾಯಿತು. 1997ರಲ್ಲಿ ನೀರಿನಿಂದ ತಣಿಯುವ 911 ಬಂತು. ಮರುವರ್ಷ ಕೊನೆಯ ಗಾಳಿ ಎಂಜಿನ್ 911 ಕಾರ್ಖಾನೆಯಿಂದ ಹೊರಬಿತ್ತು.

ಅಗ್ಗದ ಕಾರಿನ ಕಥೆ

1948ರ ಜೂನ್‌ನಲ್ಲಿ ಆಸ್ಟ್ರಿಯದ ಗ್ಮುಂಡ್ ಎಂಬ ಸಣ್ಣ ಊರಿನಲ್ಲಿ ಸಿದ್ಧವಾದ, ಪೋರ್ಷೆ ಹೆಸರು ಹೊತ್ತ ಮೊದಲ ಕಾರೇ ತೆರೆದ ಕಾರು. ಅದರ ಎಂಜಿನ್‌ಗೆ ಜನಸಾಮಾನ್ಯರ ಕಾರಾದ ಫೋಕ್ಸ್‌ವ್ಯಾಗನ್ ಬೀಟಲ್‌ನದೇ ಆಧಾರ. ಅಮೆರಿಕದಲ್ಲಿ ಪೋರ್ಷೆ ಮಾರುತ್ತಿದ್ದ ಮ್ಯಾಕ್ಸ್ ಹಾಫ್‌ಮನ್ ಎಂಬ ವ್ಯಾಪಾರಿ ಕಡಿಮೆ ಬೆಲೆಯ ಕಾರೊಂದು ಬೇಕೆಂದು ಒತ್ತಾಯಿಸಿದ. ಹೀಗೆ 1954ರಲ್ಲಿ ಬಂದದ್ದು ‘356 ಸ್ಪೀಡ್‌ಸ್ಟರ್’. ಮುಂಭಾಗದಲ್ಲಿ ಗಿಡ್ಡ ಗಾಜು, ಮೇಲೆ ತೆಳು ಬಟ್ಟೆಯ ಹೊದಿಕೆ, ಬಾಗಿಲುಗಳಲ್ಲಿ ಗಾಜಿನ ಬದಲು ಕಳಚಿಡುವ ಪರದೆ. ಬೆಲೆ 2,995 ಡಾಲರ್. ಇಂದು ಲಕ್ಷಗಳಲ್ಲಿ ಎಣಿಸುವ ಈ ಕಾರು ಹುಟ್ಟಿದ್ದೇ ಅಗ್ಗದ ಮಾಲಾಗಿ!

911 ಬಂದ ಮೇಲೆ, ತೆರೆದ ಕಾರುಗಳಿಗೆ ಅಮೆರಿಕದಲ್ಲಿ ನಿಷೇಧ ಬೀಳಬಹುದೆಂಬ ಭಯವಿತ್ತು. ಆದ್ದರಿಂದ 1965ರಲ್ಲಿ ತಲೆಯ ಹಿಂದೆ ಗಟ್ಟಿ ಕಮಾನು ಇರುವ ‘ಟಾರ್ಗಾ’ ಬಂತು. ಪೂರ್ತಿ ತೆರೆಯುವ 911 ಜಿನೀವಾ ಪ್ರದರ್ಶನದಲ್ಲಿ ಕಾಣಿಸಿಕೊಂಡದ್ದು 1982ರಲ್ಲಿ. ಹಳೆಯ ಹೆಸರಿಗೆ ಮರುಜೀವ ಕೊಟ್ಟು 1989ರಲ್ಲಿ ಹೊರತಂದ 911 ಸ್ಪೀಡ್‌ಸ್ಟರ್‌ಗಳ ಸಂಖ್ಯೆ ಸುಮಾರು 2,100 ಮಾತ್ರ.

ಬೆಲೆ ಏರಿದ್ದೇಕೆ?

ಮೊದಲ ಕಾರಣ ಸರಳ: ಬೇಡಿಕೆ ಎಷ್ಟೇ ಬಂದರೂ ಇನ್ನೊಂದನ್ನು ತಯಾರಿಸುವಂತಿಲ್ಲ. ಎರಡನೆಯದು, ಎಂಬತ್ತರ ದಶಕದಲ್ಲಿ ಈ ಕಾರಿನ ಚಿತ್ರವನ್ನು ಗೋಡೆಗೆ ಅಂಟಿಸಿಕೊಂಡಿದ್ದ ಹುಡುಗರು ಈಗ ಐವತ್ತು ದಾಟಿದ್ದಾರೆ, ಕೈಯಲ್ಲಿ ದುಡ್ಡಿದೆ. ಮೂರನೆಯದು, 2008ರ ಆರ್ಥಿಕ ಕುಸಿತದ ನಂತರ ಬ್ಯಾಂಕಿನ ಬಡ್ಡಿ ಇಳಿದಾಗ ಸಿರಿವಂತರ ಹಣ ಚಿತ್ರಕಲೆ, ಕೈಗಡಿಯಾರ, ಹಳೆಯ ಕಾರುಗಳತ್ತಲೂ ಹರಿಯಿತು. ಅಮೆರಿಕದ ಕಾನೂನು 25 ವರ್ಷ ದಾಟಿದ ಕಾರುಗಳ ಆಮದಿಗೆ ಸುರಕ್ಷತಾ ನಿಯಮಗಳಿಂದ ವಿನಾಯಿತಿ ಕೊಡುವುದರಿಂದ ಬೇರೆ ದೇಶಗಳ ಕಾರುಗಳಿಗೂ ಅಲ್ಲಿ ಗಿರಾಕಿಗಳು ಸಿಕ್ಕರು. ಅಂತರ್ಜಾಲದ ಹರಾಜು ಪೈಪೋಟಿಯನ್ನು ಮನೆಮನೆಗೆ ತಂದಿತು.

ಆದರೆ ಏರಿದ್ದೆಲ್ಲ ಏರುತ್ತಲೇ ಇರಬೇಕೆಂದಿಲ್ಲ. 1989ರ ಹೊತ್ತಿಗೂ ಇಂಥದೇ ಹುಚ್ಚು ಹರಡಿತ್ತು. ಮುಂದೆ ಲಾಭ ಬರುತ್ತದೆಂದು ಹೊಸ ಸ್ಪೀಡ್‌ಸ್ಟರ್ ಕೊಂಡು ಹಾಗೆಯೇ ಬಟ್ಟೆ ಮುಚ್ಚಿಟ್ಟವರಿದ್ದರು. ತೊಂಬತ್ತರ ದಶಕದ ಆರಂಭದಲ್ಲಿ ಆ ಮಾರುಕಟ್ಟೆ ನೀರ ಮೇಲಿನ ಗುಳ್ಳೆಯಂತೆ ಒಡೆಯಿತು. ಇಂದು ‘ಕಡಿಮೆ ಓಡಿದ ಕಾರು’ ಎಂದು ಹರಾಜಿಗೆ ಬರುವ ಕೆಲವು, ಅಂದು ಲೆಕ್ಕ ತಪ್ಪಿದವರ ಷೆಡ್ಡಿನಲ್ಲಿ ಉಳಿದವು.

ನಿಂತ ಕಾರಿನ ಕಾಯಿಲೆ

ಓಡದ ಕಾರು ಆರೋಗ್ಯವಂತ ಕಾರು ಎಂಬ ನಂಬಿಕೆಯೂ ಪೂರ್ತಿ ನಿಜವಲ್ಲ. ವರ್ಷಗಟ್ಟಲೆ ನಿಂತರೆ ರಬ್ಬರ್ ಸೀಲುಗಳು ಒಣಗಿ ಆಯಿಲ್ ಸೋರುತ್ತದೆ. ಪೆಟ್ರೋಲ್ ಅಂಟಾಗುತ್ತದೆ, ಟೈರು ಗಡುಸಾಗುತ್ತದೆ, ಬಟ್ಟೆಯ ಹೊದಿಕೆ ಮಡಿಕೆಯಲ್ಲೇ ಬಿರಿಯುತ್ತದೆ. ಬೆಲೆಯ ಜಗತ್ತು ಇದನ್ನು ಲೆಕ್ಕಿಸುವುದಿಲ್ಲ. 2018ರಲ್ಲಿ ಪೋರ್ಷೆ ತನ್ನ 70ನೇ ವರ್ಷದ ನೆನಪಿಗೆ ಹಳೆಯ ಮಾದರಿಯ ಗಾಳಿ ಎಂಜಿನ್ ಕಾರೊಂದನ್ನು ಹೊಸದಾಗಿ ಕಟ್ಟಿ ಹರಾಜಿಗಿಟ್ಟಿತು. ಸಾರ್ವಜನಿಕ ರಸ್ತೆಗೆ ಇಳಿಯಲು ಪರವಾನಗಿಯೇ ಇಲ್ಲದ, ಛಾವಣಿ ತೆರೆಯದ ಆ ಕಾರು 27 ಲಕ್ಷ ಯೂರೋಗಿಂತ ಹೆಚ್ಚಿಗೆ ಹೋಯಿತು. ಹಣ ಸೇರಿದ್ದು ಸೇವಾ ಪ್ರತಿಷ್ಠಾನಕ್ಕೆ ಎಂಬುದು ಸಮಾಧಾನದ ಸಂಗತಿ.

ಇದಕ್ಕೆ ತದ್ವಿರುದ್ಧ ಉದಾಹರಣೆ ಅಮೆರಿಕದ ಗಾಯಕಿ ಜಾನಿಸ್ ಜಾಪ್ಲಿನ್ ಅವರದು. 1968ರಲ್ಲಿ ಆಕೆ 3,500 ಡಾಲರ್ ಕೊಟ್ಟು ಸೆಕೆಂಡ್‌ಹ್ಯಾಂಡ್ 356 ಕನ್ವರ್ಟಿಬಲ್ ಕೊಂಡು, ತಂಡದ ಸಹಾಯಕನಿಂದ ಅದರ ಮೈತುಂಬ ಬಣ್ಣಬಣ್ಣದ ಚಿತ್ರ ಬರೆಸಿದರು. 1970ರಲ್ಲಿ ತೀರಿಕೊಳ್ಳುವವರೆಗೂ ಅದನ್ನು ಓಡಿಸಿದರು. ಚೆನ್ನಾಗಿ ಸವೆದ ಆ ಕಾರಿಗೆ 2015ರ ಹರಾಜಿನಲ್ಲಿ ಹೆಚ್ಚೆಂದರೆ 6 ಲಕ್ಷ ಡಾಲರ್ ಬಂದೀತೆಂದು ಅಂದಾಜಿತ್ತು. ಬಂದದ್ದು 17 ಲಕ್ಷ 60 ಸಾವಿರ. ಬದುಕಿದ ಗುರುತಿಗೂ ಬೆಲೆಯುಂಟು ಎಂದಾಯಿತು.

ಹಳೆಯ ವಸ್ತುವನ್ನು ಜೋಪಾನ ಮಾಡುವುದು ತಪ್ಪಲ್ಲ. ಆದರೆ ಪೆಟ್ಟಿಗೆಯಲ್ಲೇ ಉಳಿದ ವೀಣೆಗೆ ನಾದವಿಲ್ಲ. ಅದನ್ನು ಶ್ರುತಿ ಮಾಡಬಲ್ಲ ಕೈಗಳೂ ಕ್ರಮೇಣ ಮರೆಯಾಗುತ್ತವೆ. ಕಾರು ಬೀಗದೊಳಗೆ ಸೇರಿದರೆ ಅದರ ಸದ್ದು ಕೇಳಿಯೇ ದೋಷ ಹೇಳಬಲ್ಲ ಮೆಕ್ಯಾನಿಕ್‌ಗಳ ವಿದ್ಯೆಗೂ ಅದೇ ಗತಿ. ಸ್ಟಟ್‌ಗಾರ್ಟ್‌ನಲ್ಲಿರುವ ಪೋರ್ಷೆಯ ಸ್ವಂತ ವಸ್ತುಸಂಗ್ರಹಾಲಯವೇ ತನ್ನ ಹಳೆಯ ಕಾರುಗಳನ್ನು ಆಗಾಗ ರಸ್ತೆಗಿಳಿಸಿ ಓಡಿಸುತ್ತದೆ. ಹರಾಜಿನಲ್ಲಿ ಕೈಯೆತ್ತುವವರು ಗಮನಿಸಬೇಕಾದ ಪಾಠವಿದು.