ಊರಿನವರ ಪ್ರಶ್ನೆಗೆ ನೀವೇ ಉತ್ತರ ಹೇಳಬೇಕು

ಪದವೀಧರ ಮಿತ್ರರೇ,

ನಾಳೆ ನೀವು ಊರಿಗೆ ಹೋದಾಗ ಅಂಕಪಟ್ಟಿ ತೋರಿಸು ಎಂದು ಯಾರೂ ಕೇಳುವುದಿಲ್ಲ. "ಜಿಕೆವಿಕೆ ಕೃಷಿ ವಿಶ್ವವಿದ್ಯಾಲಯದಲ್ಲಿ ಓದಿದ್ದೀಯಲ್ಲ ಮಗಾ, ಪಕ್ಕದ ಹೊಲದಲ್ಲಿ ಮುನ್ನೂರು ಅಡಿಗೇ ನೀರು ಸಿಕ್ಕಿತು, ನಾವು ಸಾವಿರ ಅಡಿ ಕೊರೆಸಿದರೂ ಬರೀ ಧೂಳು ಎದ್ದಿತು, ಯಾಕೆ?" ಎಂದು ಕೇಳುತ್ತಾರೆ. ಅದಕ್ಕೆ ತಡವರಿಸದೆ ಉತ್ತರ ಹೇಳುವವರಾಗಬೇಕು ನೀವು.

ನಿಮ್ಮ ವಿಶ್ವವಿದ್ಯಾಲಯದ ಬೇರು ಇರುವ ಬೆಂಗಳೂರಿನ ಹೆಬ್ಬಾಳದಲ್ಲಿ ಮಣ್ಣಿನ ಅಧ್ಯಯನ ಇಂದು ನಿನ್ನೆಯದಲ್ಲ. 1899ರಲ್ಲಿ, ಮೈಸೂರಿನ ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಕೊಟ್ಟ 30 ಎಕರೆ ನೆಲದಲ್ಲಿ ವಿಜ್ಞಾನಿ ಡಾ. ಲೆಹ್ಮನ್ ಅವರು ಮಣ್ಣಿಗೂ ಬೆಳೆಗೂ ಇರುವ ನಂಟನ್ನು ಪರೀಕ್ಷಿಸಲು ತೊಡಗಿದರು. ನೀವು ಆ ಪರಂಪರೆಯವರು.

ಯಲಹಂಕದ ಕಡೆ ಎಲ್ಲಾದರೂ ಕಟ್ಟಡಕ್ಕೆ ಪಾಯ ತೋಡಿದ್ದರೆ ಗುಂಡಿಯ ಅಂಚಿನಲ್ಲಿ ಒಂದು ಗಳಿಗೆ ನಿಂತು ನೋಡಿ. ಮೇಲೆ ಕೆಂಪು ಮಣ್ಣು. ಅದರ ಕೆಳಗೆ ಬಿಳಿ, ಹಳದಿ ಬೆರೆತ ಗರಸು. ಒಂದು ಹೆಂಟೆ ಕೈಗೆತ್ತಿಕೊಂಡು ಹಿಸುಕಿದರೆ ಪುಡಿಪುಡಿಯಾಗುತ್ತದೆ. ಆದರೆ ಹಿಸುಕುವ ಮುನ್ನ ಗಮನಿಸಿ, ಮೂಲ ಕಲ್ಲಿನ ಪಟ್ಟೆಗಳು ಅದರಲ್ಲಿ ಹಾಗೇ ಉಳಿದಿರುತ್ತವೆ. ಇನ್ನೂ ಕೆಳಗೆ ಗಟ್ಟಿ ಬಂಡೆ. ಲಾಲ್‌ಬಾಗಿನ ಗುಡ್ಡದಲ್ಲಿ ಬಯಲಿಗೆ ಬಂದಿರುವ, ಸುಮಾರು 300 ಕೋಟಿ ವರ್ಷ ಹಳೆಯ ನೈಸ್ ಶಿಲೆಯ ಬಳಗ ಅದು. ಮಳೆನೀರು ಇಳಿದಿಳಿದು ಅದರ ಫೆಲ್ಡ್‌ಸ್ಪಾರ್ ಜೇಡಿಯಾಗುತ್ತದೆ, ಕ್ವಾರ್ಟ್ಜ್ ಮರಳಾಗಿ ಉಳಿಯುತ್ತದೆ, ಕಬ್ಬಿಣದ ಅಂಶ ತುಕ್ಕು ಹಿಡಿದು ಮಣ್ಣನ್ನು ಕೆಂಪಾಗಿಸುತ್ತದೆ.

ಊರಿನವರ ಪ್ರಶ್ನೆಗೂ ಉತ್ತರ ಇದೇ ಗುಂಡಿಯಲ್ಲಿದೆ. ಗರಸು ನೀರನ್ನು ಹೀರಿ ಇಟ್ಟುಕೊಳ್ಳುತ್ತದೆ. ಬಂಡೆಗೆ ಆ ಗುಣವಿಲ್ಲ, ಅಲ್ಲಿ ನೀರು ಬಿರುಕುಗಳಲ್ಲಿ ಮಾತ್ರ. ಪಕ್ಕದವರ ಕೊಳವೆಬಾವಿ ಬಿರುಕಿಗೆ ತಾಗಿತು, ನಿಮ್ಮದು ತಾಗಲಿಲ್ಲ. ಆಳಕ್ಕೆ ಹೋದಷ್ಟೂ ಮೇಲಿನ ಭಾರಕ್ಕೆ ಬಿರುಕುಗಳು ಬಿಗಿಯಾಗಿ ಸಾಮಾನ್ಯವಾಗಿ ಕಡಿಮೆಯಾಗುತ್ತವೆ. ಅಂಗೈ ಮೇಲಿಟ್ಟ ತೆಂಗಿನಕಾಯಿ ಎದ್ದು ನಿಂತರೆ ಕೆಳಗೆ ನೀರಿದೆ ಎಂದು ನಂಬಿ ಸಾಲ ತಂದು ಕೊರೆಸುವ ಮನೆಗಳು ಇಂದಿಗೂ ಇವೆ. ಆ ಮನೆಯವರ ಜೊತೆ ಕೂತು ಇಷ್ಟನ್ನು ಬಿಡಿಸಿ ಹೇಳಿದರೂ ನಿಮ್ಮ ಓದು ಸಾರ್ಥಕ.

ಬೆಂಗಳೂರು ನಗರದವರ ಪ್ರಶ್ನೆ ಬೇರೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಊರಿನಲ್ಲಿ ನೆರೆ ಬರುವುದು ಹೇಗೆ? ಎತ್ತರದ ಊರಿಗೂ ತಗ್ಗುಗಳಿವೆ. ಯಲಹಂಕ, ಅಲ್ಲಾಳಸಂದ್ರದ ಕೆರೆಗಳು ಕೋಡಿ ಹರಿದರೆ ಆ ನೀರು ಜಕ್ಕೂರಿಗೆ, ಅಲ್ಲಿಂದ ರಾಚೇನಹಳ್ಳಿಗೆ, ಕೊನೆಗೆ ದಕ್ಷಿಣ ಪಿನಾಕಿನಿ ನದಿಗೆ ಸೇರಿ ಕಡಲೂರಿನ ಬಳಿ ಸಮುದ್ರ ಕಾಣುತ್ತದೆ. ಈ ಹಾದಿ ಕಿರಿದಾದ ಕಡೆ ನೀರು ಮನೆಗಳಿಗೆ ನುಗ್ಗುತ್ತದೆ. 2021ರ ನವೆಂಬರ್‌ನಲ್ಲಿ ಯಲಹಂಕದ ಕೇಂದ್ರೀಯ ವಿಹಾರ ವಸತಿ ಸಮುಚ್ಚಯದ ನಿವಾಸಿಗಳನ್ನು ದೋಣಿಯಲ್ಲಿ ಕರೆತರಬೇಕಾಯಿತು. 2024ರ ಅಕ್ಟೋಬರ್‌ನಲ್ಲಿ ಅದೇ ಜಾಗಕ್ಕೆ ಮತ್ತೆ ದೋಣಿ ಬಂತು. ಅದೇ 2024ರ ಬೇಸಿಗೆಯಲ್ಲಿ ಬೆಂಗಳೂರಿನ ಸಾವಿರಾರು ಕೊಳವೆಬಾವಿಗಳು ಬತ್ತಿ ಜನ ಟ್ಯಾಂಕರಿಗೆ ಕಾದಿದ್ದರು. ಒಂದೇ ವರ್ಷದಲ್ಲಿ ಎರಡೂ ಸಂಕಟ. ಮಳೆ ಇಂಗುವ ಗರಸಿನ ಮೇಲೆ ಕಾಂಕ್ರೀಟು ಸುರಿದದ್ದಕ್ಕೆ ಎರಡರಲ್ಲೂ ಪಾಲಿದೆ ಎಂದು ನಾನು ಖಚಿತವಾಗಿ ಹೇಳುತ್ತೇನೆ.

ನಿಮ್ಮಲ್ಲಿ ನನ್ನದೊಂದು ಕೋರಿಕೆ. ಮುಂದಿನ ಮಳೆಗಾಲದೊಳಗೆ ನಿಮ್ಮೂರಿನ ಕೆರೆಯ ಏರಿ ಹತ್ತಿ. ಕೋಡಿ ಎಲ್ಲಿದೆ, ಅಲ್ಲಿಂದ ನೀರು ಯಾವ ದಾರಿಯಲ್ಲಿ ಹೋಗುತ್ತದೆ, ಎಲ್ಲಿ ಕಟ್ಟಿಕೊಂಡಿದೆ ಎಂಬುದನ್ನು ನಡೆದು ನೋಡಿ ಒಂದು ನಕ್ಷೆ ಬರೆಯಿರಿ. ಅದರ ಒಂದು ಪ್ರತಿಯನ್ನು ಗ್ರಾಮ ಪಂಚಾಯಿತಿಗೆ ಕೊಡಿ, ಇನ್ನೊಂದನ್ನು ನೀವು ಓದಿದ ಶಾಲೆಯ ಗೋಡೆಗೆ ಅಂಟಿಸಿ.